ತಲೆಗೊಂದು ಬಸ್ಕಿ

ಹಾರನಹಳ್ಳಿಯಲ್ಲಿ ನಮಗೆಲ್ಲ ಕಟಿಂಗ್ ಮಾಡುತ್ತಿದ್ದವನು ಕಿವಿಗೆ ಕತ್ತರಿ ತಾಕಿಸಿದಾಗಲೆಲ್ಲ, "ತಲೆ ನಿಮ್ದು, ತಪ್ಪು ನಂದು ಕಣ್ರೀ" ಎಂದು ನಗುತ್ತಿದ್ದ.

ಲಾಕ್‌ಡೌನಿನಲ್ಲಿ ಅವನ ಅಂಗಡಿ ಮುಚ್ಚಿಸಿದರು. ಮನೆಯ ರಾಗಿ ಡಬ್ಬ ತಳ ಕಂಡಾಗ, ಹೊಗೆಸೊಪ್ಪು ಬೇಯಿಸುವ ಖಾಲಿ ಬ್ಯಾರನ್ ಕೋಣೆಯೊಳಗೆ ಕದ್ದು ಕಟಿಂಗ್ ಶುರುಮಾಡಿದ. ಒಳಗೆ ಗವ್ವೆನ್ನುವ ಕತ್ತಲು. ಎಲ್ಲರ ಎಡಗಿವಿಯ ಮೇಲೂ ಕೂದಲಲ್ಲಿ ಒಂದೇ ಥರದ ಮೆಟ್ಟಿಲು ಬಿತ್ತು!

ಆ ಮೆಟ್ಟಿಲು ಕಂಡ ಪೇದೆ ನಮ್ಮನ್ನು ಸಾಲಾಗಿ ನಿಲ್ಲಿಸಿದ. "ಯಾರ್ಲಾ ಕಟಿಂಗ್ ಮಾಡಿದ್ದು?"

ನಾವು ಎಡಗಿವಿಯ ಮೇಲೆ ಕೈ ಮುಚ್ಚಿಕೊಂಡೆವು.

"ನಾನೇ ಸ್ವಾಮಿ," ಎಂದು ಅವನೇ ಮುಂದೆ ಬಂದ.

"ಹತ್ತು ಬಸ್ಕಿ ಹೊಡಿ."

"ಹತ್ತು ಎಲ್ಲಿಗ್ ಸಾಲ್ತದೆ? ಇಪ್ಪತ್ಮೂರ್ ತಲೆ ಅವೆ," ಎಂದವನು ಕಿವಿ ಹಿಡಿದು, ಒಬ್ಬೊಬ್ಬರ ಹೆಸರು ಕೂಗುತ್ತ ಕೂತೆದ್ದ. ನನ್ನ ಹೆಸರು ಬಂದಾಗ ನಗು ತಡೆಯಲಾರದೆ ನಾನೂ ಕಿವಿ ಹಿಡಿದು ಕೂತೆ. ಆಮೇಲೆ ಇಡೀ ಸಾಲೇ ಕೂತೇಳತೊಡಗಿತು.

"ನೀವ್ಯಾಕ್ರೀ?" ಅಂದ ಅವನು, ಏದುಸಿರಲ್ಲಿ.

"ತಲೆ ನಮ್ದು ಕಣಪ್ಪ!"