ಗ್ರುಟೋ ದೋಣಿಯ ಸೀಸದ ಪಟ್ಟಿಗಳು

ಆಫ್ಕೆಗೆ ಸಿಟ್ಟು ಬಂದರೆ ಕೈ ಸುಮ್ಮನಿರುವುದಿಲ್ಲ. ಟೆಕ್ಸೆಲ್ ದ್ವೀಪಕ್ಕೆ ಜನ ದಾಟಿಸುವ ಹಡಗಿನಲ್ಲಿ ಬಟಾಣಿ ಸೂಪು ಮಾಡುವವಳು ಅವಳು. ಯಾರಾದರೂ ಕೆಣಕಿದ ದಿನ ಕಲಕಿ ಕಲಕಿ ಸೂಪು ಅಂಟಾಗಿರುತ್ತದೆ. ಗಂಡ ಬಿಟ್ಟುಹೋದ ಚಳಿಗಾಲ ಅದೇ ಸಿಟ್ಟಿನಲ್ಲಿ ಅಪ್ಪನ ಕುರಿಕೊಟ್ಟಿಗೆ ಖಾಲಿ ಮಾಡಿ ರೇಸಿಗೆಂದು ಕಟಮರಾನ್ ದೋಣಿ ಕಟ್ಟಲು ನಿಂತಳು. ಎರಡು ಸಪೂರ ಒಡಲು, ಅವುಗಳ ನಡುವೆ ಅಡ್ಡತೊಲೆ, ಮೇಲೆ ಎತ್ತರದ ಹಾಯಿ. ಹುಲ್ಲುಗಾವಲಿನ ಉದ್ದ ಕೊಕ್ಕಿನ ಹಕ್ಕಿಯ ಹೆಸರನ್ನೇ ಇಟ್ಟಳು: ಗ್ರುಟೋ.

ಆ ಕಡಲತೀರದ ರೇಸುಗಳಿಗೆ ಆಗ ಫಾರ್ಮುಲಾ ನಿಯಮ. ಉದ್ದ, ಅಗಲ, ಹಾಯಿ, ಇವಿಷ್ಟರ ಗೆರೆ ದಾಟಬೇಡ, ತೂಕ ಗೆರೆಗಿಂತ ಇಳಿಸಬೇಡ; ಒಳಗೆ ನಿನಗೆ ತೋಚಿದ ಹಾಗೆ ಕಟ್ಟಿಕೋ. ಗ್ರುಟೋ ಎಷ್ಟು ಹಗುರವಾಗಿ ಹುಟ್ಟಿತೆಂದರೆ ತೂಕದ ಗೆರೆ ಮುಟ್ಟಲು ಅಡ್ಡತೊಲೆಯ ಕೆಳಗೆ ಎರಡು ಸೀಸದ ಪಟ್ಟಿ ಬಿಗಿಯಬೇಕಾಯಿತು. ಬೇರೆಯವರು ಕಪ್ ತೋರಿಸಿದರೆ ಆಫ್ಕೆ ಬಗ್ಗಿ ಆ ಸೀಸ ತೋರಿಸುತ್ತಿದ್ದಳು!

ಈಗ ರೇಸು ನಡೆಸುವ ಕ್ಲಬ್ಬಿನವರಿಗೆ ಒನ್-ಡಿಸೈನ್ ಬೇಕಂತೆ. ಎಲ್ಲರದ್ದೂ ಒಂದೇ ಕಾರ್ಖಾನೆಯ ಒಂದೇ ಅಚ್ಚಿನ ದೋಣಿ, ಒಂದು ಸ್ಕ್ರೂ ಕೂಡ ಬದಲಿಸುವಂತಿಲ್ಲ. ಋತುವಿನ ಕೊನೆಯ ರೇಸು ಇವತ್ತೇ, ಅದು ಮುಗಿದ ಮೇಲೆ ಮತ. ಒನ್-ಡಿಸೈನ್ ಪರ ಕೈಗಳು ಹೆಚ್ಚು ಎದ್ದರೆ ಗ್ರುಟೋಗೆ ಈ ತೀರದಲ್ಲಿ ಮತ್ತೆ ರೇಸಿಲ್ಲ. ಇವತ್ತು ಗೆದ್ದರೆ ನಾಲ್ಕು ಜನವಾದರೂ ಮನಸ್ಸು ಬದಲಿಸುತ್ತಾರೆ ಎಂದೇ ಆಫ್ಕೆ ಬಂದಿದ್ದಳು.

ಹಗ್ಗ ಕಟ್ಟುತ್ತಿದ್ದ ತಮ್ಮ ರೈಂಡರ್ ತಲೆ ಎತ್ತದೆ ಹೇಳಿದ, "ಅಕ್ಕಾ, ಮುಚ್ಚಿಟ್ಟು ಏನ್ ಮಾಡ್ಲಿ? ನಾನು ಒನ್-ಡಿಸೈನ್‌ಗೇ ಕೈ ಎತ್ತೋದು."

"ಏನಂದೆ?"

"ಪ್ರತಿ ಚಳಿಗಾಲ ನೀನು ಹೊಸಾ ಚುಕ್ಕಾಣಿ ಕೆತ್ತೋದು, ನಾನು ಸ್ಯಾಂಡ್‌ಪೇಪರ್ ಹಿಡ್ಕೊಂಡು ಉಜ್ಜೋದು. ಸೋತ್ರೆ ಚುಕ್ಕಾಣಿದೇ ತಪ್ಪು ಅಂತೀಯ. ಎಲ್ಲರದ್ದೂ ಒಂದೇ ದೋಣಿ ಆದ್ರೆ ಸೋತೋನು ಸೋತ. ಮನೆಗೆ ಹೋಗಿ ನಿದ್ದೆ ಮಾಡ್ಬೋದು."

"ಮಾಡೋ, ಮಾಡು! ಎಲ್ಲರ ಥರಾನೇ ಬಾಡಿಗೆ ಸೈಕಲ್ ತುಳ್ಕೊಂಡು ಗೊರಕೆ ಹೊಡಿ! ನಿನ್ನ ಜೊತೆ ಯಾವನು ಹೋಗ್ತಾನೆ ನೀರಿಗೆ?"

"ನೀನೇ. ಓಟು ಬೇರೆ, ದೋಣಿ ಬೇರೆ. ಕಾಫಿ ತರ್ತೀನಿ, ಸಿಟ್ಟಲ್ಲೇ ಇರು."

ಅವನು ಅತ್ತ ಹೋದನೋ ಇಲ್ಲವೋ, ಇವಳ ಕೈ ಸ್ಪ್ಯಾನರ್ ಹುಡುಕಿತು. ನಿಯಮವನ್ನೇ ಹೂಳಲು ಹೊರಟವರಿಗೆ ಸೀಸ ಬೇರೆ ಕೇಡು! ಎರಡೂ ಪಟ್ಟಿ ಬಿಚ್ಚಿ ಟ್ರಾಲಿಯ ಚೀಲಕ್ಕೆ ಎಸೆದಳು.

ಗ್ರುಟೋ ಅವತ್ತು ಹಾರಿತು. ಒಂದು ಒಡಲು ನೀರು ಬಿಟ್ಟೆದ್ದರೆ ಇಳಿಯಲೇ ಒಲ್ಲದು, ಹಾಯಿಗಂಬದ ತಂತಿಗೆ ಜೋತುಬಿದ್ದ ರೈಂಡರ್ "ಅಯ್ಯಯ್ಯೋ ಅಕ್ಕಾ!" ಎಂದು ಕುಣಿಯುತ್ತಿದ್ದ. ಎಲ್ಲರಿಗಿಂತ ಮೊದಲು ಮರಳು ಮುಟ್ಟಿದರು.

ಗೆದ್ದ ದೋಣಿಯನ್ನು ತೀರದಲ್ಲಿದ್ದವರೆಲ್ಲ ಸೇರಿ ತಕ್ಕಡಿಗೆ ಎತ್ತಿಡುವುದು ಅಲ್ಲಿಯ ರೂಢಿ. ಸೋತವರ ಕೈಯೇ ಮೊದಲು ಬರಬೇಕು. ರೈಂಡರ್ ಎಂದಿನಂತೆ ಅಡ್ಡತೊಲೆಗೆ ಕೈ ಹಾಕಿದ. ಎತ್ತಿದ. ಎಂದಿಗಿಂತ ಹಗುರ. ಕೆಳಗೆ ಬೆರಳಾಡಿಸಿದ. ಸೀಸವಿಲ್ಲ, ಬರೀ ಬೋಲ್ಟಿನ ತೂತುಗಳು!

"ಇಳಿಸ್ರೋ," ಎಂದ ರೈಂಡರ್, ಕ್ಲಬ್ಬಿನ ಅಧ್ಯಕ್ಷ ಯೆಲ್ಮರ್ ಕಡೆ ತಿರುಗಿ. "ಹೆಂಗಿದ್ರೂ ಕೊನೇ ರೇಸು. ತೂಗಿ ಏನಾಗ್ಬೇಕು? ಹೊಟ್ಟೆ ಹಸೀತಿದೆ."

"ಹೌದ್ ಬಿಡಿ, ಬಿಸಿ ಸೂಪಿದೆ," ಎಂದ ಯೆಲ್ಮರ್.

ಆಫ್ಕೆಯ ಕಿವಿ ಕೆಂಪೇರಿತು. ಬೆಳಿಗ್ಗೆ ಮುಖಕ್ಕೆ ಹೊಡೆದ ಹಾಗೆ ಮಾತಾಡಿದವನು ಈಗ ಅವಳ ತಪ್ಪಿನ ಮೇಲೆ ಕಂಬಳಿ ಹೊದಿಸುತ್ತಿದ್ದಾನೆ!

"ತೂಗ್ರಿ!" ಎಂದು ಕೂಗಿದಳು. "ನನ್ನ ಮೇಲೆ ಕನಿಕರ ತೋರ್ಸೋಕೆ ನೀನ್ಯಾರೋ? ಸೀಸ ಬಿಚ್ಚಿದ್ದು ನಾನೇ! ತೂಗ್ರಿ ಅಂದೆ!"

ತೂಗಿದರು. ಕಡಿಮೆ ಬಂತು. ಯಾರೂ ನಗಲಿಲ್ಲ, ಅದಕ್ಕೂ ಅವಳಿಗೆ ಸಿಟ್ಟು. ಯೆಲ್ಮರ್ ಮೆಲ್ಲಗೆ, "ಆಫ್ಕೆ, ಗೆಲುವು ಹೋಯ್ತಮ್ಮ," ಎಂದ.

"ಗೊತ್ತು! ನಿಯಮ ಬರೆಯೋವಾಗ ನಾನೂ ಕೂತಿದ್ದೆ!"

ಮತ ಕೇಳಿದಾಗ ಒನ್-ಡಿಸೈನ್‌ಗೆ ಕೈಗಳು ಎದ್ದವು, ಎದ್ದೇ ಎದ್ದವು. ರೈಂಡರ್ ಅಕ್ಕನನ್ನೇ ನೋಡುತ್ತ ತನ್ನ ಕೈಯನ್ನೂ ಎತ್ತಿದ. ಕನಿಕರಕ್ಕೆಂದು ಎತ್ತದೇ ಇದ್ದಿದ್ದರೆ ಅವಳು ಅವನನ್ನು ಸಮುದ್ರಕ್ಕೆ ನೂಕುತ್ತಿದ್ದಳು.

ಆಮೇಲೆ ಆಫ್ಕೆ ಸೂಪು ಮುಟ್ಟದೆ ಗ್ರುಟೋ ಬಳಿ ಬಂದಳು. ಚೀಲದಿಂದ ಸೀಸ ತೆಗೆದು ಅಡ್ಡತೊಲೆಯ ಕೆಳಗೆ ಮರಳ ಮೇಲೆ ಅಂಗಾತ ಮಲಗಿದಳು. ಇನ್ನು ಈ ದೋಣಿಯನ್ನು ಯಾರೂ ತೂಗುವುದಿಲ್ಲ. ಆದರೂ ಬೋಲ್ಟು ತೂರಿಸಿದಳು. ಮೇಲಿನಿಂದ ಯಾರೋ ಅದರ ತಲೆ ತಿರುಗದಂತೆ ಸ್ಪ್ಯಾನರಿನಲ್ಲಿ ಹಿಡಿದರು.

"ಒಂದ್ ಮಾತಾಡಿದ್ರೆ ನೋಡು," ಎಂದಳು.

"ನಾನೆಲ್ಲಿ ಮಾತಾಡ್ದೆ, ಅಕ್ಕಾ?"

"ಉಸಿರಾಡ್ತಿದ್ದೀಯಲ್ಲ, ಅದೇ ಸಾಕು. ಗಟ್ಟಿಯಾಗಿ ಹಿಡಿ."

ಅವನು ಹಿಡಿದ. ಅವಳು ಬಿಗಿದಳು, ಬೋಲ್ಟು ಕಿರುಗುಟ್ಟುವವರೆಗೂ ಬಿಗಿದಳು.