ಪಂಜಾದೊಳಗೆ ಕರಗಿದ ಪದಕ

ಜನವರಿ ಹನ್ನೆರಡು, ಸೋಮವಾರ, ಬೆಳಗ್ಗೆ ಹತ್ತು ನಲವತ್ತು. ರಾಯಚೂರಿನಲ್ಲಿ ಯುದ್ಧವೀರರ ಹೆಸರಿನ ಕಲ್ಲು ನಿಲ್ಲಿಸುತ್ತಿದ್ದ ಸಮಿತಿಯ ಕೋಣೆಗೆ ನಾನು ಮೊದಲ ಸಲ ಕಾಲಿಟ್ಟ ಹೊತ್ತು ಅದು. ಅರ್ಧ ಗಂಟೆಯ ಕೆಲಸ ಎಂದುಕೊಂಡಿದ್ದೆ. ಡೈರಿಯ ಪ್ರಕಾರ ದೇವದುರ್ಗದಿಂದ ರಾಯಚೂರಿಗೆ ಈವರೆಗೆ ಆರು ಸಲ ಹೋಗಿದ್ದೇನೆ, ಮಾನ್ವಿಗೆ ಎರಡು ಸಲ. ಕಲ್ಲಿನ ಮೇಲೆ ಅಜ್ಜನ ಹೆಸರು ಇನ್ನೂ ಇಲ್ಲ.

ಅಜ್ಜ ಸಿಪಾಯಿಯಾಗಿದ್ದ. ಯುದ್ಧದಲ್ಲಿ ಗುಂಡು ಹಾರುತ್ತಿದ್ದಾಗಲೇ ಗಾಯಗೊಂಡ ಇಬ್ಬರನ್ನು ಒಬ್ಬೊಬ್ಬರಾಗಿ ಹೊತ್ತು ತಂದ. ಎರಡನೆಯವನನ್ನು ತರುವಾಗ ಅಜ್ಜನ ಭುಜಕ್ಕೇ ಗುಂಡು ಹೊಕ್ಕಿತು. ಅದಕ್ಕೆ ಸರ್ಕಾರ ಬೆಳ್ಳಿಯ ಪದಕ ಕೊಟ್ಟಿತು. ಈಗ ಅಜ್ಜ ಇಲ್ಲ. ಅಜ್ಜಿಗೆ ಕಣ್ಣು ಮಂಜು. ಕಲ್ಲಿನ ಸುದ್ದಿ ಕೇಳಿದಾಗಿನಿಂದ ಅವಳದು ಒಂದೇ ಹಟ: ಆ ಹೆಸರನ್ನು ಕೈಯಾರೆ ಮುಟ್ಟಿ ನೋಡಬೇಕು.

"ಪದಕ ತರ್ರಿ, ನಾಳಿನೇ ಕೆತ್ತಸ್ತೀವಿ" ಎಂದರು ಸಮಿತಿಯ ಕಾರ್ಯದರ್ಶಿ.

ಪದಕ ಎಲ್ಲಿಂದ ತರಲಿ? ಗಂಡ ಜೀವಂತ ಬಂದರೆ ಬೆಳ್ಳಿ ಕೊಡುತ್ತೇನೆಂದು ಅಜ್ಜಿ ನಮ್ಮೂರು ಗಬ್ಬೂರಿನ ಅಲಾಯಿ ದೇವರಿಗೆ ಹರಕೆ ಹೊತ್ತಿದ್ದಳು. ಮೊಹರಂನಲ್ಲಿ ಹಿಂದೂ, ಮುಸ್ಲಿಂ ಎನ್ನದೆ ಊರೆಲ್ಲ ಆ ದೇವರಿಗೆ ನಡೆದುಕೊಳ್ಳುತ್ತದೆ. ಮನೆಯಲ್ಲಿದ್ದ ಬೆಳ್ಳಿ ಪದಕವೊಂದೇ, ಅದನ್ನೇ ಕೊಟ್ಟಳು. ಹರಕೆಯ ಬೆಳ್ಳಿ ಒಟ್ಟಾದ ಮೇಲೆ ಕರಗಿಸಿ, ಮೆರವಣಿಗೆಯಲ್ಲಿ ಎತ್ತಿ ಹಿಡಿಯುವ, ಅಂಗೈ ಆಕಾರದ ಪಂಜಾವನ್ನು ಹೊಸದಾಗಿ ಮಾಡಿಸುವುದು ನಮ್ಮೂರ ಪದ್ಧತಿ.

"ಯವ್ವಾ, ಸರ್ಕಾರ ಕೊಟ್ಟಿದ್ದನ್ನ ಯಾರಾದ್ರೂ ಕರಗಸಾಕ ಕೊಡ್ತಾರೇನು?" ಎಂದು ಅಜ್ಜಿಯನ್ನು ಕೇಳಿದೆ.

"ಸರ್ಕಾರ ಪದಕ ಕೊಡ್ತು. ಗಂಡನ್ನ ತಿರುಗಿ ಕೊಟ್ಟಿದ್ದು ಯಾರಲೇ?"

ಆಯಿತು. ಹಾಗಾದರೆ ಕಲ್ಲಿನ ಮೇಲೆ ಹೆಸರು ಯಾಕೆ? ಅದೂ ಬೇಕಂತೆ!

ಕಾರ್ಯದರ್ಶಿಗೆ ಹೇಳಿದೆ. "ಪಂಜಾನೇ ಹೊತ್ಕೊಂಡು ಬರ್ರಿ ಹಂಗಾರ" ಎಂದು ನಕ್ಕರು. ಆಮೇಲೆ ಗಂಭೀರವಾದರು. "ದಿಲ್ಲಿಯಿಂದ ದಾಖಲಿ ತರಸೂದು ಯಾವ ಕಾಲಕ್ಕೋ. ಆತ ಹೊತ್ತು ತಂದ ಇಬ್ಬರೂ ಬರದು ಕೊಡಲಿ, ಸಾಕು."

ಮೊದಲನೆಯವರು ಮಾನ್ವಿಯಲ್ಲಿದ್ದರು. ಒಂದು ಕಾಲಿಲ್ಲ, ನಾಲಿಗೆ ಮಾತ್ರ ಚುರುಕು. "ನಿಮ್ಮಜ್ಜ ದಾರಿ ತುಂಬ ಬೈಕೋಂತ ಹೊತ್ತು ತಂದ. 'ಏನ್ ತಿಂತೀಯಲೇ, ಎಮ್ಮಿ ಆಗೀದಿ' ಅಂತ. ನಾ ಅಂದೆ, 'ಇಳಸಪ್ಪ, ನಡಕೋಂತ ಬರ್ತೀನಿ.' ಕಾಲ ಎಲ್ಲಿತ್ತು ನನಗ!"

ಕೂತಲ್ಲೇ ಬರೆದು ಸಹಿ ಹಾಕಿದರು. ಇನ್ನೊಬ್ಬರ ಹೆಸರು ಕೇಳಿದೆ.

"ಹೆಸರ? ಊರ ಹೆಸರ ಹಿಡದು ಕರೀತಿದ್ವಿ. ನಾ ಮಾನ್ವಿ, ನಿಮ್ಮಜ್ಜ ಗಬ್ಬೂರು, ಹೊಟ್ಟಿಗಿ ಗುಂಡು ಬಿದ್ದಾತ ಸಿರವಾರ."

"ಖರೇ ಹೆಸರ ಇರಬೇಕಲ್ರೀ?"

"ಸಿರವಾರ ಅಂದ್ರ ಓ ಅಂತಿದ್ದ. ಮತ್ಯಾಕ ಬೇಕಿತ್ತು?"

ಜೀವಕ್ಕೆ ಜೀವ ಕೊಟ್ಟವರಿಗೆ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲ! ಸಿರವಾರದಲ್ಲಿ ಎರಡು ಭಾನುವಾರ ಅಲೆದೆ. ಮಾಜಿ ಸೈನಿಕರ ಮನೆ ಯಾವುದೆಂದರೆ ಒಬ್ಬೊಬ್ಬರು ಒಂದೊಂದು ಓಣಿ ತೋರಿಸಿದರು. ಒಬ್ಬರಂತೂ ಖಾಕಿ ಹಾಕುತ್ತಾನೆಂದು ರೈಸ್ ಮಿಲ್ಲಿನ ವಾಚ್‌ಮನ್ ಮನೆಗೆ ಕಳಿಸಿದರು. ಆತ ಪಾಪ, ಚಹಾ ಕುಡಿಸಿ ಕಳಿಸಿದ.

ಕಲ್ಲು ನಿಂತಾಗಿದೆ. ನನ್ನ ಕಾಟಕ್ಕೆ ಸೋತು ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದಾರೆ. ಅಜ್ಜಿಯನ್ನು ಕರೆದೊಯ್ದು ಆ ಖಾಲಿ ಸಾಲನ್ನು ಮುಟ್ಟಿಸಲು ನನಗೆ ಧೈರ್ಯವಿಲ್ಲ.

ಸಿರವಾರದ ಕಡೆಯ ನಿಮ್ಮ ಮನೆಯ ಹಿರಿಯರು ಯಾರಾದರೂ ಯುದ್ಧದಲ್ಲಿ ಹೊಟ್ಟೆಗೆ ಗುಂಡು ಬಿದ್ದು, ಗಬ್ಬೂರಿನ ಸಿಪಾಯಿಯೊಬ್ಬನ ಬೆನ್ನ ಮೇಲೆ ಬದುಕಿ ಬಂದದ್ದನ್ನು ಹೇಳಿದ್ದರೆ, ಇದನ್ನು ಅಚ್ಚು ಹಾಕಿದ ಪ್ರಕಾಶಕರ ವಿಳಾಸಕ್ಕೆ ನಾಲ್ಕು ಸಾಲು ಬರೆಯಿರಿ. ಅವರು ಈಗ ಇಲ್ಲದಿದ್ದರೆ ಮಕ್ಕಳು ಬರೆದರೂ ನಡೆಯುತ್ತದೆ, ಕಾರ್ಯದರ್ಶಿಯನ್ನು ಒಪ್ಪಿಸಿದ್ದೇನೆ. ಅಜ್ಜಿಗೆ ಎಂಬತ್ತು ದಾಟಿದೆ, ತಡಮಾಡಬೇಡಿ.