ನಿಜವಾದ ಏಳು ಗಂಟೆ

ನಮ್ಮ ಗುಂಪಿನಲ್ಲಿ ಏಳು ಗಂಟೆ ಅಂದರೆ ಎಂಟು. ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರಿಗೂ ಗೊತ್ತು. ಶಿಕಾಗೋ ಕಡೆಯ ಮೂರು, ಡೆಟ್ರಾಯಿಟ್ ಕಡೆಯ ಎರಡು ಮನೆಯವರು ವರ್ಷಕ್ಕೊಮ್ಮೆ ಕೂಡಿ ಪ್ರವಾಸ ಹೋಗುತ್ತೇವೆ. ಏರ್ಪಾಡೆಲ್ಲ ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್‌ನಲ್ಲಿ ಕೆಲಸ ಮಾಡುವ ಒಬ್ಬ ಗೆಳೆಯರದು. ನಾವು ತಡವಾಗಿ ಬರುತ್ತೇವೆಂದು ಅವರು ಒಂದು ಗಂಟೆ ಮುಂಚಿನ ಹೊತ್ತು ಹೇಳುತ್ತಾರೆ. ಅವರು ಹಾಗೆ ಹೇಳುವುದು ಗೊತ್ತಿರುವ ನಾವು ಒಂದು ಗಂಟೆ ತಡವಾಗಿ ಹೋಗುತ್ತೇವೆ. ಹೀಗಾಗಿ ಎಲ್ಲರೂ ಸರಿಯಾದ ಹೊತ್ತಿಗೇ ಸೇರುತ್ತೇವೆ.

ಈ ಸಲ ಹೋದದ್ದು ಕೆರಿಬಿಯನ್‌ನ ಒಂದು ಪುಟ್ಟ ದ್ವೀಪಕ್ಕೆ. ಬಾಗಲಕೋಟೆಯಿಂದ ನಮ್ಮ ಮಾವನವರು ಬಂದಿದ್ದರು. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಚಳಿಗಾಲದಲ್ಲಿ ಬಂದದ್ದರಿಂದ ಶಿಕಾಗೋ ಬಳಿಯ ಶಾಮ್‌ಬರ್ಗ್‌ನ ನಮ್ಮ ಅಪಾರ್ಟ್‌ಮೆಂಟಿನ ಕಿಟಕಿಯಲ್ಲಿ ಕಂಡಷ್ಟೇ ಅವರ ಅಮೆರಿಕ. ದ್ವೀಪದಲ್ಲಿ ಜೀವಂತ ಜ್ವಾಲಾಮುಖಿ ಇದೆ ಎಂದು ಕೇಳಿದಾಗ ಅವರು ರೊಟ್ಟಿ ಮುರಿಯುವುದನ್ನೇ ನಿಲ್ಲಿಸಿದರು.

"ರಿಟೈರ್ ಆಗೂತನಕಾ ಜ್ವಾಲಾಮುಖಿ ಪಾಠ ಮಾಡೇನಿ. ಒಮ್ಮೆನೂ ಕಣ್ಣಲೆ ಕಂಡಿಲ್ಲ," ಎಂದರು. ಇದು ಬೇಕು, ಅದು ಬೇಕು ಎಂದು ಕೇಳುವ ಜಾತಿಯವರಲ್ಲ ಅವರು. ಹಾಗಾಗಿ ಅಷ್ಟು ಹೇಳಿದ್ದೇ ನನಗೆ ದೊಡ್ಡದಾಗಿ ಕಂಡಿತು.

ಮೊದಲ ದಿನ ಗೈಡ್ ನಮ್ಮನ್ನು ತೋಟಗಳಿಗೆ ಕರೆದೊಯ್ದಳು. ಕಂಕುಳಲ್ಲಿ ಛತ್ರಿ ಇಟ್ಟುಕೊಂಡ, ಮೈಕಿನ ಹಂಗಿಲ್ಲದ ಗಂಟಲಿನ ಎತ್ತರದ ಹೆಂಗಸು. ಜಾಯಿಕಾಯಿ ತೋರಿಸಿದರೆ ನಮ್ಮವರು "ನಮ್ಮಲ್ಲೂ ಇದೆ" ಎಂದರು. ಬಾಳೆ ತೋರಿಸಿದರೂ ಅದೇ, ಹಲಸು ತೋರಿಸಿದರೂ ಅದೇ. ಅಷ್ಟು ಸಾವಿರ ಮೈಲಿ ಹಾರಿ ಹೋಗಿ ನಾವು ಗುಂಪಾಗಿ ಫೋಟೋ ತೆಗೆಸಿಕೊಂಡದ್ದು ಒಂದು ನುಗ್ಗೆಮರದ ಮುಂದೆ. ಆ ಬೆಳಿಗ್ಗೆ ಮಾವನವರು ಹೇಳಿದ ಹೊತ್ತಿಗೇ ಇಳಿದುಹೋಗಿ, ಒಂದು ಗಂಟೆ ಹೋಟೆಲಿನ ಬಾಗಿಲಲ್ಲಿ ಒಬ್ಬರೇ ನಿಂತಿದ್ದರು. ಏಳು ಎಂದರೆ ಎಂಟು ಎಂದು ಮಾಸ್ತರಿಗೆ ಹೇಳಿಕೊಡುವ ಧೈರ್ಯ ನಮ್ಮ ಪೈಕಿ ಯಾರಿಗಿದೆ?

ಸಂಜೆ ಮರಳುವಾಗ ಬಸ್ಸಿನಲ್ಲಿ ಗೈಡ್ ಹೇಳಿದಳು: ಜ್ವಾಲಾಮುಖಿ ಬೆಟ್ಟ ಕಾಣುವುದು ಬೆಳಿಗ್ಗೆ ಬೇಗ ಮಾತ್ರ, ಆಮೇಲೆ ಮೋಡ ಬಂದು ಕೂತರೆ ಏಳುವುದಿಲ್ಲ. ಏಳಕ್ಕೆ ಬಸ್ಸು ಹೊರಡುತ್ತದೆ. ಏರ್ಪಾಡಿನ ಗೆಳೆಯರು ಎದ್ದು ನಿಂತು, "ನಾಳೆ ಏಳಕ್ಕೆ. ಇದು ನಿಜವಾದ ಏಳು, ಆಯ್ತಾ?" ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಹೋದ ವರ್ಷ ನಯಾಗರದಲ್ಲೂ ಅವರು ಹೀಗೇ ಹೇಳಿದ್ದರು, ಬಸ್ಸು ಬಂದದ್ದು ಎಂಟಕ್ಕೆ. ಈ ಸಲ ಗೈಡಿಗೂ ಹೇಳಿಕೊಟ್ಟಿದ್ದಾರೆ, ಪರವಾಗಿಲ್ಲ, ಎಂದುಕೊಂಡೆವು.

ಮರುದಿನ ಎಂಟಕ್ಕೆ ಸ್ನಾನ, ಕಾಫಿ ಎಲ್ಲ ಮುಗಿಸಿ ಇಳಿದರೆ ಬಸ್ಸಿಲ್ಲ. ಆ ಗೆಳೆಯರೊಬ್ಬರೇ ಶತಪಥ ಹಾಕುತ್ತಿದ್ದರು.

"ಏನ್ರೀ ನೀವೆಲ್ಲಾ! ನಿಜವಾದ ಏಳು ಅಂದಿದ್ನಲ್ಲ! ಫೋನ್ ಮಾಡಿದ್ರೆ ಒಬ್ರೂ ಎತ್ತಲ್ಲ. ಆಯಮ್ಮ ಸ್ವಲ್ಪ ಹೊತ್ತು ಕಾದ್ಲು, ಆಮೇಲೆ ಅಂಕಲ್ ಒಬ್ರನ್ನೇ ಕೂರಿಸ್ಕೊಂಡು ಹೋಗೇಬಿಟ್ಲು. ನಿಮಗೋಸ್ಕರ ನಾನಿಲ್ಲೇ ಉಳ್ಕೊಂಡೆ."

ಮಾವನವರಿಗೆ ಶುಗರ್ ಇದೆ, ತಿಂಡಿ ತಿಂದಿಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೇ. ಟ್ಯಾಕ್ಸಿಗಳನ್ನು ಹಿಡಿದು, ಜ್ವಾಲಾಮುಖಿ ಕಾಣುವ ಎದುರಿನ ಗುಡ್ಡ ಹತ್ತಿದೆವು. ಏಳು ಎಂಟಾಗುವ ನಮ್ಮ ಆಟದ ಮೇಲೆಯೇ ನನಗೆ ಸಿಟ್ಟು ಬಂದಿತ್ತು. ಒಂದೊಂದು ತಿರುವಿಗೂ ಮೋಡ ಕೆಳಗಿಳಿಯುತ್ತಿತ್ತು. ನಾವು ನೋಡದಿದ್ದರೆ ಹೋಗಲಿ, ಅವರಿಗಾದರೂ ಕಂಡಿರಲಿ ಎಂಬುದೊಂದೇ ಯೋಚನೆ.

ಮೇಲೆ ಹೋಗಿ ನೋಡಿದರೆ ಎದುರಿಗೆ ಬರೀ ಬಿಳುಪು. ಬೆಟ್ಟ ಯಾವ ದಿಕ್ಕಿನಲ್ಲಿದೆ ಎಂದೂ ತಿಳಿಯಲಿಲ್ಲ. ಬೆಂಚಿನ ಮೇಲೆ ಮಾವನವರು ಮತ್ತು ಗೈಡ್ ಕೂತು, ನಾವು ಮನೆಯಿಂದ ಕಟ್ಟಿ ತಂದಿದ್ದ ಚಪಾತಿ, ಶೇಂಗಾ ಚಟ್ನಿ ಹಂಚಿಕೊಂಡು ತಿನ್ನುತ್ತಿದ್ದರು. ಖಾರ ಎಂದು ಬಾಯಿಗೆ ಗಾಳಿ ಹಾಕಿಕೊಳ್ಳುತ್ತಲೇ ಅವಳು ಮತ್ತೆ ಡಬ್ಬಿಗೆ ಕೈ ಹಾಕಿದಳು.

"ಮಾವಾರ, ಕಾಣಿಸ್ತೇನ್ರಿ?" ಎಂದೆ.

"ಕಾಣಿಸ್ತವ್ವಾ. ಛಲೋತ್ನಾಗಿ ಕಾಣಿಸ್ತು," ಎಂದು ಕೈ ಝಾಡಿಸಿಕೊಂಡರು. "ಆದ್ರ ನಾ ತಪ್ಪು ಕಲಿಸಿದ್ದೆ."

ನನ್ನ ಮಗಳು ಎಂದಿನ ಹಾಗೆ ಇಂಗ್ಲಿಷಿನಲ್ಲಿ, "ವಾಟ್ ಡು ಯು ಮೀನ್, ಅಜ್ಜ?" ಎಂದಳು. ಅವರು ಒಂದು ಕಡ್ಡಿ ಹುಡುಕಿ ಬೂದಿಬಣ್ಣದ ನೆಲದ ಮೇಲೆ ಒಂದು ಚೂಪು ಬೆಟ್ಟ ಬರೆದು, ನೆತ್ತಿಯಲ್ಲಿ ಹೊಗೆ ಬರೆದರು. "ಬೋರ್ಡಿನ ಮ್ಯಾಲೆ ನಾ ಬರೀತಿದ್ದದ್ದು ಇದು." ಅಂಗೈಯಿಂದ ಅದನ್ನು ಒರೆಸಿ ಮತ್ತೆ ಬರೆದರು. "ಖರೇ ಇರೂದು ಹಿಂಗ. ತುದೀನ ಇಲ್ಲ. ಒಂದು ಮಗ್ಗಲಾ ಕುಸದು ಹೋಗೇತಿ, ಹೊಗಿ ಅಲ್ಲಿಂದ ಬರ್ತೈತಿ." ತಡವಾಗಿ ಬಂದ ನಾವೆಲ್ಲ ಕ್ಲಾಸಿನ ಹೊರಗೆ ನಿಂತವರಂತೆ ಸುತ್ತ ನಿಂತಿದ್ದೆವು.

"ಅಂಕಲ್, ನೀವು ಬರೀತಿದ್ರಲ್ಲ, ಆ ಥರದ್ದೂ ಇರ್ತವೆ," ಎಂದರು ಗೆಳೆಯರು.

"ಇರಬಹುದು. ನಾ ನೋಡಿದ್ದು ಹಿಂಗೈತಿ."

ಮಗಳು ಆ ಚಿತ್ರದ ಫೋಟೋ ತೆಗೆದಳು. ಹೋಟೆಲಿಗೆ ಮರಳಿದ ಮೇಲೆ ಮಾವನವರು ಅದನ್ನು ತಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಕಳಿಸಲು ಹೇಳಿ, ಫೋನನ್ನು ಬಾಯಿಯ ಹತ್ತಿರ ಹಿಡಿದು ಮಾತಾಡಿದರು. "ಜ್ವಾಲಾಮುಖಿ ನೋಡಿ ಬಂದೆ. ನಾ ಕೊಟ್ಟ ಹಳೇ ಚಿತ್ರಾ ಅಳಿಸ್ರಿ. ಇದನ್ನ ಬರಕೊಳ್ರಿ."

ಬಾಗಲಕೋಟೆಯಲ್ಲಿ ಆಗಲೇ ರಾತ್ರಿ. ಆ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಈಗ ತಾವೇ ಅಜ್ಜಂದಿರು. ಯಾರೂ ಉತ್ತರ ಕೊಡದಿದ್ದರೆ ಇವರ ಮುಖ ಹೇಗೆ ನೋಡುವುದು ಎಂದು ನನಗೆ ಕಳವಳ. ಅಷ್ಟರಲ್ಲಿ ಫೋನು ಟಿಂಗೆಂದಿತು. ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟಿರುವ, ಮೊಮ್ಮಕ್ಕಳನ್ನು ಕಂಡ ಒಬ್ಬರು ಬರೆದಿದ್ದರು: "ಅಳಿಸಿದೆ ಸರ್. ಬರಕೊಂಡೆ."

ಓದಿ ನನ್ನ ಕಣ್ಣು ತುಂಬಿಬಂತು. ಮಾವನವರಿಗೆ ಅಂಥದ್ದೇನೂ ಆದಂತೆ ಕಾಣಲಿಲ್ಲ.

"ಅಂವ ಮದಲನೇ ಬೆಂಚಿನ ಹುಡುಗ, ಯಾವಾಗ್ಲೂ ಮುಂದ," ಎಂದರು. ಊಟಕ್ಕೆ ಕರೆದರೆ ಏಳಲಿಲ್ಲ. "ಉಳದಾವ್ರು ತಡಾ ಮಾಡ್ತಾರ. ಬರ್ಲಿ, ತಡಿಯವ್ವಾ."